ಗೇರಿಲ್ಲದ ಕಾರಿನ ಗೇರ್‌ಬಾಕ್ಸ್

ಕಳೆದ ತಿಂಗಳು ಬಂಟ್ವಾಳ ಕಡೆಯ ಸಹೋದರಿಯೊಬ್ಬರು ಫೋನ್ ಮಾಡಿದ್ದರು. "ನೀವು ಅಕ್ಕಿ, ಸಕ್ಕರೆ, ಮಕ್ಕಳ ಫೀಸು ಎಲ್ಲದರ ಲೆಕ್ಕವನ್ನೂ ಬರೆಯುತ್ತೀರಿ. ನಮ್ಮವರು ಗಲ್ಫ್ ಬಿಟ್ಟು ಬಂದು ಆರು ತಿಂಗಳಾಯಿತು. ಈಗ ಒಂದು ಹಳೆಯ ದೊಡ್ಡ ಕಾರು ನೋಡಿ ಬಂದಿದ್ದಾರೆ. ಹೊಸದಿರುವಾಗ ಅದಕ್ಕೆ ಐವತ್ತು ಲಕ್ಷವಂತೆ, ಈಗ ಹತ್ತು ಲಕ್ಷಕ್ಕೆ ಸಿಗುತ್ತದಂತೆ. ಅದರ ಬಗ್ಗೆ ಏನಾದರೂ ಬರೆಯಬಾರದೇ?" ಎಂದು ಕೇಳಿದರು.

ನಾನು ನಕ್ಕುಬಿಟ್ಟೆ. ಪತ್ರಿಕೆ ಓದುತ್ತಿದ್ದ ನಮ್ಮವರು ತಲೆಯೆತ್ತಿ ನೋಡಿ ಮತ್ತೆ ಪತ್ರಿಕೆಯ ಮರೆಗೆ ಸರಿದರು. ಅಂಥದ್ದೇ ಒಂದು ಕಾರು ನಮ್ಮ ಅಂಗಳದಲ್ಲೂ ನಿಂತಿದೆ. ಅದರ ಕಥೆಯನ್ನು ಈ ಪುಟದಲ್ಲಿ ಬರೆಯಲು ಇಷ್ಟು ದಿನ ಅವರ ಅನುಮತಿ ಇರಲಿಲ್ಲ. ಈಗ ಸಿಕ್ಕಿದೆ. ಕಾರಿನ ಕಂಪೆನಿಯ ಹೆಸರು ಬರೆಯಬಾರದು, ಮಾರಿದವರ ಹೆಸರೂ ಬರೆಯಬಾರದು ಎಂಬ ಷರತ್ತಿನ ಮೇಲೆ.

ಇವರು 23 ವರ್ಷ ದಮ್ಮಾಮಿನಲ್ಲಿದ್ದರು. ಅಲ್ಲಿ ಓಡಿಸಿದ್ದೆಲ್ಲ ಆಟೋಮೆಟಿಕ್ ಕಾರುಗಳನ್ನೇ. 2021ರಲ್ಲಿ ಊರಿಗೆ ಮರಳಿದಾಗ ಎಡಮೊಣಕಾಲಿನ ನೋವು ಜೊತೆಗೇ ಬಂದಿತ್ತು. ಮಂಗಳೂರಿನ ಟ್ರಾಫಿಕ್ಕಿನಲ್ಲಿ ಕ್ಲಚ್ ತುಳಿಯುವುದು ಅವರಿಂದ ಆಗದ ಮಾತು. ಆದ್ದರಿಂದ ಆಟೋಮೆಟಿಕ್ ಬೇಕೆಂದಾಗ ನಾನೇನೂ ಅಡ್ಡಿ ಹೇಳಲಿಲ್ಲ. ನಮ್ಮ ದೇಶದಲ್ಲಿ 2014ರಲ್ಲಿ ಮಾರುತಿ ಸೆಲೆರಿಯೊ ಬಂದಂದಿನಿಂದ ಸಣ್ಣ ಕಾರುಗಳಲ್ಲೂ ಕ್ಲಚ್ ಇಲ್ಲದ ಮಾದರಿ ಸಿಗುತ್ತಿದೆ. ನಮ್ಮ ಕೈಯಲ್ಲಿದ್ದ ದುಡ್ಡಿಗೆ ಅಂಥದ್ದೊಂದು ಹೊಸ ಕಾರು ಬರುತ್ತಿತ್ತು. ಆದರೆ ಇವರ ಕಣ್ಣು ಜರ್ಮನಿಯ ಕಾರಿನ ಮೇಲಿತ್ತು. ದಮ್ಮಾಮಿನಲ್ಲಿ ಅವರ ಯಜಮಾನನ ಬಳಿ ಇದ್ದದ್ದು ಅದೇ ಕಾರು. ಆ ಕಾರನ್ನು ಇವರು ಹದಿನೆಂಟು ವರ್ಷ ಒರೆಸಿದ್ದಾರೆ, ಓಡಿಸಿದ್ದಾರೆ, ಹಿಂದಿನ ಸೀಟಿನಲ್ಲಿ ಮಾತ್ರ ಕೂತಿಲ್ಲ. ಇದನ್ನು ಇವರು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಎರಡು ಬಳೆ ಮಾರಿ ಕೊರತೆ ತುಂಬಿಸಿ, 2022ರಲ್ಲಿ 9 ಲಕ್ಷ 25 ಸಾವಿರಕ್ಕೆ ಕಾರು ಮನೆಗೆ ಬಂತು. 2012ರ ಮಾದರಿ, ಮೀಟರಿನಲ್ಲಿ 84 ಸಾವಿರ ಕಿಲೋಮೀಟರ್.

ಎರಡು ತಿಂಗಳು ಎಲ್ಲ ಸರಿಯಿತ್ತು. ಆಮೇಲೆ ಬೆಳಿಗ್ಗೆ ಕಾರು ಚಾಲೂ ಮಾಡಿ ರಿವರ್ಸಿಗೆ ಹಾಕಿದರೆ ಒಂದೆರಡು ಕ್ಷಣ ಏನೂ ಆಗುತ್ತಿರಲಿಲ್ಲ, ಮತ್ತೆ 'ಧಡ್' ಎಂದು ಒಂದು ಹೊಡೆತ. ಸಿಗ್ನಲ್ಲಿನಲ್ಲಿ ನಿಲ್ಲಿಸುವಾಗ ಹಿಂದಿನಿಂದ ಯಾರೋ ತಳ್ಳಿದ ಹಾಗೆ. "ಇದೇನು?" ಎಂದು ಕೇಳಿದರೆ, "ದೊಡ್ಡ ಎಂಜಿನ್ನು, ಸ್ವಲ್ಪ ಹಾಗೇ ಇರುತ್ತದೆ" ಎಂದರು. ಮನೆಯಲ್ಲಿ ಮಿಕ್ಸಿ ಸ್ವಲ್ಪ ಸದ್ದು ಬದಲಿಸಿದರೂ ನಾವು ಹೆಂಗಸರು ಕೂಡಲೇ ಆರಿಸಿ ನೋಡುತ್ತೇವೆ. ಹತ್ತು ಲಕ್ಷದ ವಸ್ತು ಸದ್ದು ಬದಲಿಸಿದಾಗ ಮಾತ್ರ ಯಾಕೋ ಸುಮ್ಮನಿದ್ದೆವು.

2023ರ ಮೇ ತಿಂಗಳಲ್ಲಿ ಹಾಸನಕ್ಕೆ ಒಂದು ಮದುವೆಗೆ ಹೊರಟೆವು. ಇವರು, ನಾನು, ಅತ್ತೆ ಮತ್ತು ಮಗಳು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತತೊಡಗಿದಾಗ ಎಂಜಿನ್ ಜೋರಾಗಿ ಬೊಬ್ಬಿಡುತ್ತಿದೆ, ಕಾರು ಮಾತ್ರ ಮುಂದೆ ಹೋಗುವುದಿಲ್ಲ. ಎದುರಿನ ಪರದೆಯಲ್ಲಿ ಹಳದಿ ಚಕ್ರದ ಗುರುತು ಬಂತು, ಜೊತೆಗೆ ಹಪ್ಪಳದ ಎಣ್ಣೆ ಸೀದುಹೋದಂಥ ವಾಸನೆ. ಹೇಗೋ ಬದಿಗೆ ತಂದು ನಿಲ್ಲಿಸಿದೆವು. ಹಿಂದೆ ಟ್ಯಾಂಕರುಗಳ ಸಾಲು. ಅತ್ತೆ ಕಾರಿನಿಂದಿಳಿದು ಮೋರಿಯ ಕಟ್ಟೆಯ ಮೇಲೆ ಕುಳಿತರು, ಏನೂ ಮಾತಾಡಲಿಲ್ಲ. ಅರ್ಧ ಗಂಟೆ ಬಿಟ್ಟು ಚಾಲೂ ಮಾಡಿದಾಗ ಕಾರು ಮೆಲ್ಲಗೆ ಹೊರಟಿತು, ಆದರೆ ಒಂದೇ ಗೇರಿನಲ್ಲಿ. ಎಷ್ಟು ತುಳಿದರೂ ಗೇರು ಬದಲಾಗದು. ಗೇರ್‌ಬಾಕ್ಸಿನ ಕಂಪ್ಯೂಟರ್ ತನ್ನನ್ನು ತಾನು ಉಳಿಸಿಕೊಳ್ಳಲು ಹೀಗೆ ಒಂದೇ ಗೇರಿಗೆ ಬಂದು ನಿಲ್ಲುತ್ತದೆ ಎಂಬುದು ಮತ್ತೆ ತಿಳಿಯಿತು.

ಕಾರು ಮತ್ತೊಮ್ಮೆ ನಿಂತಾಗ ಜೀಪಿನವರೊಬ್ಬರು ಹಗ್ಗ ಕಟ್ಟಿ ಎಳೆಯಲು ಮುಂದಾದರು. ಒಳ್ಳೆಯ ಮನಸ್ಸಿನವರೇ. ಅಷ್ಟರಲ್ಲಿ ಒಬ್ಬ ವಯಸ್ಸಾದ ಲಾರಿ ಡ್ರೈವರ್ ಇಳಿದು ಬಂದು, "ಆಟೋಮೆಟಿಕ್ ಅಲ್ವಾ? ಚಕ್ರ ನೆಲಕ್ಕೆ ತಾಗಿಸಿ ಎಳೀಬೇಡಿ ಮಾರಾಯ್ರೇ, ಇರೋದೂ ಹೋಗ್ತದೆ" ಎಂದರು. ನೆಲ್ಯಾಡಿ ಕಡೆಯಿಂದ ಕಾರನ್ನು ಪೂರ್ತಿ ಹೇರಿಕೊಂಡು ಹೋಗುವ ಗಾಡಿ ಬರಲು ಮೂರು ಗಂಟೆ ಹಿಡಿಯಿತು. ಮದುವೆ ಊಟ ತಪ್ಪಿತು. ಆದರೆ ಆ ಡ್ರೈವರ್ ಹೇಳಿದ ಒಂದು ಮಾತು ನಮಗೆ ಉಳಿಸಿಕೊಟ್ಟದ್ದು ಸಣ್ಣದಲ್ಲ. ಯಾಕೆಂದು ತಿಳಿಯಬೇಕಾದರೆ ಈ ಯಂತ್ರದ ಒಳಗೆ ಸ್ವಲ್ಪ ಇಣುಕಬೇಕು.

ಗೇರಿಲ್ಲದ ಕಾರು ಎಂದು ನಾವು ಹೇಳುವುದೇ ತಪ್ಪು. ಗೇರು ಇದೆ, ನಮ್ಮದರಲ್ಲಿ ಆರು ಇವೆ. ಹಾಕುವ ಕೆಲಸ ನಮ್ಮದಲ್ಲ, ಅಷ್ಟೆ. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದಕ್ಕೆ ಮಾತ್ರ ಕರೆಂಟು ಕೊಟ್ಟರೆ, ಅದರ ಗಾಳಿಗೆ ಇನ್ನೊಂದರ ರೆಕ್ಕೆಯೂ ತಿರುಗುತ್ತದೆ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇಂಥದ್ದೇ ಎರಡು ಫ್ಯಾನುಗಳಿವೆ, ಗಾಳಿಯ ಬದಲು ಎಣ್ಣೆ. ಇದಕ್ಕೆ ಟಾರ್ಕ್ ಕನ್ವರ್ಟರ್ ಎನ್ನುತ್ತಾರೆ. ಅದರ ಹಿಂದೆ ಒಂದರೊಳಗೊಂದು ಕೂತ ಹಲ್ಲುಚಕ್ರಗಳು, ಅವುಗಳನ್ನು ಹಿಡಿದು ಬಿಡುವ ತೆಳ್ಳಗಿನ ಕ್ಲಚ್ ಬಿಲ್ಲೆಗಳು. ಆ ಬಿಲ್ಲೆಗಳನ್ನು ಒತ್ತಿ ಹಿಡಿಯುವುದು ಕೂಡಾ ಎಣ್ಣೆಯ ಒತ್ತಡವೇ. ಯಾವಾಗ ಯಾವುದನ್ನು ಒತ್ತಬೇಕೆಂದು ಕಂಪ್ಯೂಟರ್ ಹೇಳುತ್ತದೆ. ಅಂದರೆ ಇಲ್ಲಿ ಎಣ್ಣೆ ಬರೀ ಜಾರಿಕೆಗಾಗಿ ಇರುವುದಲ್ಲ. ಶಕ್ತಿಯನ್ನು ದಾಟಿಸುವುದು, ಬಿಲ್ಲೆ ಒತ್ತುವುದು, ಬಿಸಿ ಇಳಿಸುವುದು ಎಲ್ಲವೂ ಅದೇ. ಎಣ್ಣೆ ಕಡಿಮೆಯಾದರೆ ಪಂಪು ಗಾಳಿ ಎಳೆಯುತ್ತದೆ, ಒತ್ತಡ ಬೀಳುತ್ತದೆ, ಬಿಲ್ಲೆ ಹಿಡಿಯದೆ ಜಾರುತ್ತದೆ, ಜಾರಿದರೆ ಸುಡುತ್ತದೆ. ಘಾಟಿಯಲ್ಲಿ ನಮಗೆ ಬಂದ ವಾಸನೆ ಅದೇ. ಈ ಪಂಪನ್ನು ತಿರುಗಿಸುವುದು ಎಂಜಿನ್. ಎಂಜಿನ್ ಆರಿಸಿ ಹಗ್ಗದಲ್ಲಿ ಎಳೆದರೆ ಚಕ್ರದ ಜೊತೆ ಒಳಗಿನದ್ದೆಲ್ಲ ತಿರುಗುತ್ತದೆ, ಎಣ್ಣೆ ಮಾತ್ರ ಹರಿಯುವುದಿಲ್ಲ. ಲಾರಿ ಡ್ರೈವರ್ ತಡೆದದ್ದು ಇದನ್ನು.

ದೊಡ್ಡ ಸರ್ವಿಸ್ ಸೆಂಟರಿನಲ್ಲಿ ಕಂಪ್ಯೂಟರ್ ಜೋಡಿಸಿ ನೋಡಿ ಮರುದಿನ ಅಂದಾಜು ಪಟ್ಟಿ ಕೊಟ್ಟರು. ಗೇರ್‌ಬಾಕ್ಸ್ ಪೂರ್ತಿ ಬದಲಿಸಬೇಕು, 6 ಲಕ್ಷ 80 ಸಾವಿರ, ತೆರಿಗೆ ಬೇರೆ. "ಎಣ್ಣೆ ನೋಡಿದ್ದೀರಾ?" ಎಂದು ಇವರು ಕೇಳಿದರು. "ಅದು ಲೈಫ್‌ಟೈಮ್ ಆಯಿಲ್ ಸಾರ್, ನೋಡುವ ಅಗತ್ಯವಿಲ್ಲ" ಎಂಬ ಉತ್ತರ ಬಂತು. ಯಾರ ಲೈಫ್‌ಟೈಮ್ ಎಂದು ಕೇಳಬೇಕೆಂದು ನನಗೆ ಬಾಯಿವರೆಗೆ ಬಂದಿತ್ತು.

ಈ 'ಲೈಫ್‌ಟೈಮ್' ಎಂಬ ಮಾತಿನ ಬಗ್ಗೆ ಒಂದಿಷ್ಟು ಹೇಳಲೇಬೇಕು. ಹಲವು ದೊಡ್ಡ ಕಾರು ಕಂಪೆನಿಗಳು ಗೇರ್‌ಬಾಕ್ಸಿನ ಎಣ್ಣೆಯನ್ನು ಬದಲಿಸಬೇಕಾಗಿಲ್ಲ ಎಂದು ಹೇಳಿಕೊಂಡು ಬಂದಿವೆ. ಎಣ್ಣೆ ಎಷ್ಟಿದೆ ಎಂದು ಅಳೆದು ನೋಡುವ ಕಡ್ಡಿಯನ್ನೂ ತೆಗೆದುಹಾಕಿವೆ. ಆದರೆ ಅನೇಕ ಕಾರು ಕಂಪೆನಿಗಳಿಗೆ ಗೇರ್‌ಬಾಕ್ಸ್ ತಯಾರಿಸಿ ಕೊಡುವ ಜರ್ಮನಿಯ ಝಡ್‌ಎಫ್ ಸಂಸ್ಥೆ ತನ್ನ ಆಟೋಮೆಟಿಕ್ ಗೇರ್‌ಬಾಕ್ಸುಗಳಿಗೆ ಸುಮಾರು 80 ಸಾವಿರದಿಂದ 1 ಲಕ್ಷ 20 ಸಾವಿರ ಕಿಲೋಮೀಟರಿನೊಳಗೆ, ಇಲ್ಲವೇ ಎಂಟು ವರ್ಷಕ್ಕೆ, ಎಣ್ಣೆ ಬದಲಿಸಲು ಹೇಳುತ್ತದೆ. ಮಾಡಿದವನೊಂದು ಹೇಳುತ್ತಾನೆ, ಮಾರಿದವನೊಂದು ಹೇಳುತ್ತಾನೆ. ಹೊಸ ಕಾರು ಕೊಂಡವನು ನಾಲ್ಕೈದು ವರ್ಷದಲ್ಲಿ ಬೇರೆ ಕಾರು ತೆಗೆದುಕೊಳ್ಳುತ್ತಾನೆ, ಅವನ ಕಾಲಕ್ಕೆ ಆ ಎಣ್ಣೆ ಧಾರಾಳ ಸಾಕು. ಸಾಲದೆ ಬರುವುದು ಎರಡನೆಯ, ಮೂರನೆಯ ಕೈಗೆ. ಎಣ್ಣೆಯ ವಿಷಯದಲ್ಲಿ ಕಂಪೆನಿಗಳಿಗೇ ತಪ್ಪಾದದ್ದುಂಟು. 2013ರ ನವೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಕಂಪೆನಿಯು ಜಗತ್ತಿನಾದ್ಯಂತ ಏಳು ಗೇರಿನ ಡಿಎಸ್‌ಜಿ ಗೇರ್‌ಬಾಕ್ಸಿನ ಸುಮಾರು 16 ಲಕ್ಷ ಕಾರುಗಳನ್ನು ಮರಳಿ ಕರೆದು, ಸಿಂಥೆಟಿಕ್ ಎಣ್ಣೆ ತೆಗೆದು ಮಿನರಲ್ ಎಣ್ಣೆ ಹಾಕಿಕೊಡಬೇಕಾಯಿತು. ಅದು ಬೇರೆಯೇ ತರದ ಗೇರ್‌ಬಾಕ್ಸ್, ನಮ್ಮದಕ್ಕೂ ಅದಕ್ಕೂ ಸಂಬಂಧವಿಲ್ಲ. ಒಂದಕ್ಕೆ ಹಾಕುವ ಎಣ್ಣೆ ಇನ್ನೊಂದಕ್ಕೆ ಆಗುವುದೂ ಇಲ್ಲ. ಅಂಗಡಿಯವನು "ಎಲ್ಲ ಒಂದೇ" ಎಂದರೆ ಅಲ್ಲಿಂದ ಎದ್ದು ಬನ್ನಿ.

ಇರಲಿ. ಕಾರು ಬಿಟ್ಟು ಬರುವ ಮೊದಲು ಅದರೊಳಗಿದ್ದ ಸಾಮಾನುಗಳನ್ನು ಮಗಳು ಚೀಲಕ್ಕೆ ತುಂಬಿಸಿಕೊಂಡಿದ್ದಳು. ಮನೆಗೆ ಬಂದು ನೋಡಿದರೆ ಕಾರಿನ ಪುಸ್ತಕದ ರಟ್ಟಿನೊಳಗೆ ಮಡಚಿಟ್ಟ ಒಂದು ರಶೀದಿ. ನಾವು ಕಾರು ಕೊಳ್ಳುವ ಏಳು ತಿಂಗಳ ಮೊದಲಿನದ್ದು, ಒಂದು ಗ್ಯಾರೇಜಿನದ್ದು. 'ಫಾಲ್ಟ್ ಕೋಡ್ ಕ್ಲಿಯರ್, ಗೇರ್‌ಬಾಕ್ಸ್ ಅಡಾಪ್ಟೇಶನ್ ರೀಸೆಟ್, 3,500 ರೂಪಾಯಿ' ಎಂದಿತ್ತು. ಕೆಳಗೆ ಕೈಬರಹದಲ್ಲಿ, 'ಆಯಿಲ್ ಲೀಕ್ ಇದೆ, ಗಿರಾಕಿಗೆ ಹೇಳಿದೆ.'

ಬಿಲ್ಲೆಗಳು ಸವೆಯುತ್ತಾ ಹೋದಂತೆ ಗೇರ್‌ಬಾಕ್ಸಿನ ಕಂಪ್ಯೂಟರ್ ಅದನ್ನು ಗಮನಿಸಿ ಎಣ್ಣೆಯ ಒತ್ತಡವನ್ನು ಹೊಂದಿಸಿಕೊಳ್ಳುತ್ತದೆ. ಆ ನೆನಪನ್ನು ಅಳಿಸುವುದಕ್ಕೆ ರೀಸೆಟ್ ಎನ್ನುತ್ತಾರೆ. ಎಣ್ಣೆ ಬದಲಿಸಿದ ಬಳಿಕ ಹಾಗೆ ಮಾಡುವುದು ಕ್ರಮವೇ. ಏನನ್ನೂ ಸರಿಪಡಿಸದೆ ಬರೀ ಅಳಿಸಿದರೆ ಕೆಲವು ದಿನ ಹೊಡೆತ ಕಡಿಮೆಯಾದಂತೆ ಕಾಣುತ್ತದೆ, ದೀಪ ಆರುತ್ತದೆ. ನಮಗೆ ಮಾರಿದವರಿಗೆ ಎಲ್ಲ ಗೊತ್ತಿತ್ತು. ಆ ರಾತ್ರಿ ಇವರು ಊಟ ಮಾಡಲಿಲ್ಲ. ಮಾರಿದವರಿಗೆ ಫೋನ್ ಮಾಡಿದರು. "ನೋಡಿಯೇ ತೆಗೆದುಕೊಂಡಿರಲ್ಲ" ಎಂಬ ಒಂದೇ ಮಾತು ಆ ಕಡೆಯಿಂದ.

ಒಂದು ವಾರ ಕಳೆದು ನಮಗೆ ಕಾರು ಕೊಡಿಸಿದ ಬ್ರೋಕರ್ ಮನೆಗೆ ಬಂದರು. ಚಹಾ ಕುಡಿಯುತ್ತಾ, "ಸಾಹೇಬ್ರೇ, ಏಳು ಲಕ್ಷ ಹಾಕುವುದು ಹುಚ್ಚು. ನನ್ನಲ್ಲೊಬ್ಬ ಗಿರಾಕಿ ಇದ್ದಾನೆ. ಉಪ್ಪಿನಂಗಡಿ ಕಡೆಯ ಹುಡುಗ, ದುಬೈಯಲ್ಲಿ ಡ್ರೈವರ್ ಆಗಿದ್ದವ, ಇಂಥ ಕಾರೇ ಬೇಕೆಂದು ಹಟ ಹಿಡಿದಿದ್ದಾನೆ. ಎಂಟು ಕೊಡುತ್ತಾನೆ. ಸ್ವಲ್ಪ ಎಣ್ಣೆ ತುಂಬಿಸಿ ಕೋಡ್ ಅಳಿಸಿದರೆ ಆಯಿತು. ಅವನು ಬರುವ ದಿನ ಬೆಳಿಗ್ಗೆ ನಾನೇ ಒಂದು ಸುತ್ತು ಓಡಿಸಿ ಬೆಚ್ಚಗೆ ಮಾಡಿಟ್ಟಿರುತ್ತೇನೆ, ಆಗ ಆ ಹೊಡೆತ ಬರುವುದಿಲ್ಲ. ಘಾಟಿ ಹತ್ತಿಸದಿದ್ದರೆ ಆಯಿತು" ಎಂದರು.

ಇವರು ಕೂಡಲೇ ಇಲ್ಲ ಎನ್ನಲಿಲ್ಲ. ಅದನ್ನು ಬರೆಯದೆ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. "ನೋಡೋಣ" ಎಂದರು. ನಾನೂ ಒಳಗಿನಿಂದ ಕೇಳಿಸಿಕೊಂಡು ಒಂದು ಕ್ಷಣ ಸುಮ್ಮನಿದ್ದೆ. ಎಂಟು ಲಕ್ಷ ಎಂದಾಗ ನನಗೆ ನೆನಪಾದದ್ದು ನನ್ನ ಬಳೆ. ಮತ್ತೆ ಹೋಗಿ ಆ ರಶೀದಿಯನ್ನು ತಂದು ಚಹಾದ ತಟ್ಟೆಯ ಬದಿಗಿಟ್ಟೆ, ಮಾತೇನೂ ಆಡಲಿಲ್ಲ. ಆಡಿದ್ದು ಅತ್ತೆ. ಶಿರಾಡಿಯ ಕಟ್ಟೆಯ ಮೇಲೆ ಕೂತಂದಿನಿಂದ ಆ ಕಾರಿನ ಬಗ್ಗೆ ತುಟಿ ಬಿಚ್ಚದವರು, "ಮೀನಿನವನೂ ಕಿವಿರು ಎತ್ತಿ ತೋರಿಸಿಯೇ ಮಾರ್ತಾನಲ್ಲ ಮಗ" ಎಂದರು. "ಹೌದು ಉಮ್ಮ" ಎಂದು ಇವರು ತಲೆ ತಗ್ಗಿಸಿದರು. ಬ್ರೋಕರ್ ಚಹಾ ಮುಗಿಸಿ ಎದ್ದರು.

ಇವರ ಗೆಳೆಯರೊಬ್ಬರು ಕೂಳೂರು ಕಡೆಯ ಸಣ್ಣ ಗ್ಯಾರೇಜೊಂದನ್ನು ತೋರಿಸಿದರು. ತಗಡಿನ ಮಾಡು, ಇಬ್ಬರು ಹುಡುಗರು, ಗೇರ್‌ಬಾಕ್ಸಿನ ಕೆಲಸ ಮಾತ್ರ. ನಾನೂ ಜೊತೆಗೆ ಹೋದೆ. ಮೆಕ್ಯಾನಿಕ್ ಕಾರನ್ನು ಮೇಲೆತ್ತಿ ಟಾರ್ಚ್ ಹಿಡಿದು, "ಅಕ್ಕ, ನೀವೂ ನೋಡಿ" ಎಂದು ಕರೆದರು. ಗೇರ್‌ಬಾಕ್ಸಿನ ಬದಿಯಲ್ಲಿ ವಯರು ಒಳಗೆ ಹೋಗುವಲ್ಲಿ ಒಂದು ಪ್ಲಾಸ್ಟಿಕ್ಕಿನ ಕೊಳವೆ ಇದೆ. ಅದರ ರಬ್ಬರ್ ರಿಂಗು ಬಿಸಿಗೆ ಗಟ್ಟಿಯಾಗಿ, ಅಲ್ಲಿಂದ ಹನಿ ಹನಿಯಾಗಿ ಎಣ್ಣೆ ಇಳಿದು ಮಣ್ಣು ಮೆತ್ತಿಕೊಂಡಿತ್ತು. ತಳದ ತಟ್ಟೆ ಕಳಚಿದಾಗ ಐದಾರು ಲೀಟರ್ ಬರಬೇಕಾದಲ್ಲಿ ಬಂದದ್ದು ಮೂರೂವರೆ. ಬಣ್ಣ ಕಪ್ಪು. ಅದರೊಳಗೆ ಪುಟ್ಟ ಅಯಸ್ಕಾಂತಗಳಿರುತ್ತವೆ. ಅವುಗಳಿಗೆ ಬೂದು ಬಣ್ಣದ ನುಣ್ಣನೆ ಕೆಸರು ಅಂಟಿದ್ದರೆ ಹೆದರಬೇಕಾಗಿಲ್ಲ, ಅದು ಸಹಜ ಸವೆತ. ಚೂರು ಚೂರು ಲೋಹ ಇದ್ದರೆ ಕಥೆ ಮುಗಿದ ಹಾಗೆ. ನಮ್ಮದರಲ್ಲಿ ಕೆಸರು ದಪ್ಪಗಿತ್ತು, ಚೂರು ಇರಲಿಲ್ಲ.

ಫಿಲ್ಟರ್ ಸೇರಿಯೇ ಬರುವ ಹೊಸ ತಟ್ಟೆ, ಕೊಳವೆ, ಒಳಗಿನ ರಬ್ಬರ್ ಸೀಲುಗಳು, ಪುಸ್ತಕದಲ್ಲಿ ಹೇಳಿದ ಅದೇ ನಂಬರಿನ ಎಣ್ಣೆ. ಎಣ್ಣೆಯ ಮಟ್ಟ ನೋಡುವುದೇ ಒಂದು ನಾಜೂಕಿನ ಕೆಲಸ. ಎಂಜಿನ್ ಓಡುತ್ತಿರಬೇಕು, ಎಲ್ಲ ಗೇರುಗಳನ್ನೂ ಒಮ್ಮೆ ಹಾಕಿ ತೆಗೆಯಬೇಕು, ನಮ್ಮ ಗೇರ್‌ಬಾಕ್ಸಿನಲ್ಲಿ ಎಣ್ಣೆಯ ಬಿಸಿ 30ರಿಂದ 50 ಡಿಗ್ರಿಯೊಳಗಿರುವಾಗ ತುಂಬಿದ ತೂತಿನಿಂದ ಸಣ್ಣಗೆ ಹೊರಬರುವಷ್ಟು ತುಂಬಬೇಕು. ಬಿಸಿ ಹೆಚ್ಚಾದರೆ ಎಣ್ಣೆ ಉಬ್ಬಿ ಲೆಕ್ಕ ತಪ್ಪುತ್ತದೆ. ಯಂತ್ರ ಹಚ್ಚಿ ಒತ್ತಡದಲ್ಲಿ ತೊಳೆಯಲು ಆ ಮೆಕ್ಯಾನಿಕ್ ಒಪ್ಪಲಿಲ್ಲ. ಹಳೆಯ ಕೊಳೆ ಎದ್ದು ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳುತ್ತದೆ ಎಂದರು. ಸಾವಿರ ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಇಳಿಸಿ ತುಂಬಿಸಿದರು. ಎಲ್ಲ ಸೇರಿ 64 ಸಾವಿರ. ಏಳು ಲಕ್ಷವೆಲ್ಲಿ, ಇದೆಲ್ಲಿ!

ಆದರೆ ಅವರು ಖುಷಿಯ ಮಾತನ್ನಷ್ಟೇ ಹೇಳಿ ಕಳುಹಿಸಲಿಲ್ಲ. ಅರುವತ್ತರ ವೇಗದಲ್ಲಿ ಮೆಲ್ಲಗೆ ತುಳಿದಾಗ ಒಂದು ಸಣ್ಣ ನಡುಕ ಬರುತ್ತಿತ್ತು. "ಎಣ್ಣೆ ಇಲ್ಲದೆ ಓಡಿದ ಸವೆತ ಅದು. ಹೊಸ ಎಣ್ಣೆ ಸವೆದದ್ದನ್ನು ತುಂಬಿಸಿಕೊಡುವುದಿಲ್ಲ. ಎರಡು ವರ್ಷ ಬರಬಹುದು, ಎರಡು ತಿಂಗಳೂ ಬರಬಹುದು. ಮೊದಲ ದಿನ ಹೊಡೆತ ಬಂದಾಗ ತಂದಿದ್ದರೆ ಬೇರೆ ಮಾತು" ಎಂದರು. ಇವರು ನನ್ನ ಮುಖ ನೋಡಲಿಲ್ಲ.

ಆ ಉಪ್ಪಿನಂಗಡಿಯ ಹುಡುಗನಿಗೆ ಇವರೇ ಫೋನ್ ಮಾಡಿ ಕರೆಸಿದರು. ಎರಡೂ ರಶೀದಿಗಳನ್ನು ಅವನ ಕೈಗಿಟ್ಟರು. ಪಂಪ್‌ವೆಲ್‌ನಿಂದ ನಂತೂರಿಗೆ ಹತ್ತುವ ರಸ್ತೆಯಲ್ಲಿ ಓಡಿಸಲು ಕೊಟ್ಟು, ನಡುಕ ಬರುವ ವೇಗವನ್ನೂ ಹೇಳಿಕೊಟ್ಟರು. ಹುಡುಗ ಬಹಳ ಹೊತ್ತು ಕಾರಿನ ಸುತ್ತ ತಿರುಗಿದ. ಐದು ಲಕ್ಷಕ್ಕಾದರೆ ಯೋಚಿಸುತ್ತೇನೆ ಎಂದ. ಮತ್ತೆ ಅದೂ ಬೇಡವೆಂದು, ಮೆಕ್ಯಾನಿಕ್‌ನ ನಂಬರ್ ಬರೆದುಕೊಂಡು ಹೋದ. ಕಾರು ನಮ್ಮಲ್ಲೇ ಉಳಿಯಿತು. ಇನ್ನೂ ಓಡುತ್ತಿದೆ. ನಡುಕ ಸ್ವಲ್ಪ ಹೆಚ್ಚಾಗಿದೆ. ಘಾಟಿಗೆ ಕೊಂಡುಹೋಗುವುದಿಲ್ಲ. ನಿಲ್ಲಿಸುವಾಗ ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ 'ಪಿ'. ಇಲ್ಲದಿದ್ದರೆ ಇಳಿಜಾರಿನಲ್ಲಿ ಇಡೀ ಕಾರಿನ ಭಾರ ಒಳಗಿನ ಸಣ್ಣ ಕೊಂಡಿಯೊಂದರ ಮೇಲೆ ಬೀಳುತ್ತದೆ. ಪೂರ್ತಿ ನಿಲ್ಲುವ ಮೊದಲು ರಿವರ್ಸಿಗೆ ಹಾಕುವ ಅಭ್ಯಾಸವನ್ನು ಇವರಿಂದ ಬಿಡಿಸಲು ನನಗೆ ಆರು ತಿಂಗಳು ಬೇಕಾಯಿತು.

ಬಂಟ್ವಾಳದ ಸಹೋದರಿಗೆ ನಾನು ಹೇಳಿದ್ದಿಷ್ಟು. ಬೇಡವೆಂದು ಹೇಳುವ ಹಕ್ಕು ನನಗಿಲ್ಲ, ಆದರೆ ಹತ್ತು ಲಕ್ಷದ ಕಾರಿಗೆ ಹತ್ತು ಲಕ್ಷ ಮಾತ್ರ ಇಟ್ಟುಕೊಂಡು ಹೋಗಬೇಡಿ. ಕಾರಿಗೆ ವಯಸ್ಸಾದರೆ ಬೆಲೆ ಇಳಿಯುತ್ತದೆ, ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಗೇರ್‌ಬಾಕ್ಸಿನ ಎಣ್ಣೆ ಬದಲಿಸಿದ ರಶೀದಿ ಕೇಳಿ. ಇಲ್ಲವೆಂದರೆ ಬದಲಿಸಿಲ್ಲವೆಂದೇ ಲೆಕ್ಕ. ಮಾರುವವರ ಗ್ಯಾರೇಜಿನಲ್ಲಲ್ಲ, ನಿಮಗೆ ಗೊತ್ತಿರುವವರಲ್ಲಿ ಕಂಪ್ಯೂಟರ್ ಜೋಡಿಸಿ ನೋಡಿ. ಕೋಡ್ ಒಂದೂ ಇಲ್ಲದೆ ತೀರಾ ಸ್ವಚ್ಛವಿದ್ದರೆ, ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಎಂದು ತಿಳಿಯುವ ದಾರಿಯಿದೆಯೇ ಕೇಳಿ. 2018ರ ಕೇರಳದ ನೆರೆಯಲ್ಲಿ ಮುಳುಗಿದ ಕಾರುಗಳು ಎಷ್ಟೋ ಇವೆ. ವಿಮೆಯ ಹಳೆಯ ಕ್ಲೇಮು ವಿಚಾರಿಸಿ, ನೆಲಹಾಸು ಎತ್ತಿ ಮೂಸಿ ನೋಡಿ. ಗೇರ್‌ಬಾಕ್ಸಿನ ಎಣ್ಣೆ ಹಾಲು ಬೆರೆಸಿದ ಶರಬತ್ತಿನಂತೆ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ. ಬ್ರೇಕ್ ತುಳಿದುಕೊಂಡು ರಿವರ್ಸಿಗೂ ಡ್ರೈವಿಗೂ ಹಾಕಿ, ಹಿಡಿಯಲು ಎಷ್ಟು ಹೊತ್ತು ಬೇಕೆಂದು ಮನಸ್ಸಿನಲ್ಲೇ ಎಣಿಸಿ. ಅರ್ಧ ಗಂಟೆಯಾದರೂ ಓಡಿಸಿ, ಏರು ಹತ್ತಿಸಿ. ಎಲ್ಲಕ್ಕಿಂತ ಮೊದಲು, ಹೇಳದೆ ಬೆಳಿಗ್ಗೆ ಹೋಗಿ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿ.

ಇದನ್ನು ಬರೆಯುತ್ತಿರುವಾಗ ಆ ಉಪ್ಪಿನಂಗಡಿಯ ಹುಡುಗ ಮತ್ತೆ ಫೋನ್ ಮಾಡಿದ್ದ. ಬೇರೊಂದು ಕಾರು ನೋಡಲು ಹೋಗಿದ್ದನಂತೆ. ಹತ್ತು ಗಂಟೆಗೆ ಬರುತ್ತೇನೆಂದು ಹೇಳಿ ಏಳೂವರೆಗೇ ಹೋದನಂತೆ.

"ಮತ್ತೆ?" ಎಂದೆ.

"ಬೆಚ್ಚಗಿತ್ತು ಅಕ್ಕ."